ಹಿಮದ ಹಾದಿಯಲ್ಲಿ ಬಿಡಿಸಿದ ಒಗಟು



ಸಂಜೆ ಸಾರಥಿಯ ಮನೆಗಳಲ್ಲಿ, ಹರಿಹರದ ಆರೋಗ್ಯ ಮಾತೆಯ ದೇವಾಲಯದಲ್ಲಿ ದೀಪಗಳು ಬೆಳಗುವಾಗ ಆ ಬೆಳಕು ಎಲ್ಲಿಂದ ಬಂತೆಂದು ನಾವು ಕೇಳಿಕೊಳ್ಳುವುದು ಅಪರೂಪ. ನೀರು, ಕಲ್ಲಿದ್ದಲು, ಗಾಳಿ, ಬಿಸಿಲುಗಳಿಂದ ಹುಟ್ಟಿದ ವಿದ್ಯುತ್ತಿನೊಡನೆ ಕಾಳಿ ನದಿಯ ದಡದ ಕೈಗಾ ಪರಮಾಣು ಸ್ಥಾವರದ ವಿದ್ಯುತ್ತೂ ದಕ್ಷಿಣದ ಜಾಲಕ್ಕೆ ಸೇರುತ್ತದೆ. ಅದರ ಮೂಲವನ್ನು ಅರಿಯಲು 1938ರ ಕ್ರಿಸ್ಮಸ್ ದಿನಗಳಿಗೆ ಹಿಂದಿರುಗಬೇಕು.

ಬರ್ಲಿನ್ನಿನಲ್ಲಿ ಆಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಮ್ಮಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದಾಗ, ಅದಕ್ಕಿಂತ ಬಹಳ ಹಗುರವಾದ ಬೇರಿಯಂ ಕಾಣಿಸಿಕೊಂಡಿತು. ಚಕಿತರಾದ ಹಾನ್ ತಮ್ಮ ಹಳೆಯ ಸಹೋದ್ಯೋಗಿ ಲೀಸ್ ಮೈಟ್ನರ್ ಅವರಿಗೆ ಪತ್ರ ಬರೆದರು. ಯೆಹೂದಿ ಕುಲದಲ್ಲಿ ಹುಟ್ಟಿದ ಕಾರಣಕ್ಕೆ ಅದೇ ಜುಲೈಯಲ್ಲಿ ಜರ್ಮನಿಯಿಂದ ಪಾರಾಗಿ ಸ್ವೀಡನ್ ಸೇರಿದ್ದವರು ಆಕೆ. ಸೋದರಿಯ ಮಗ ಆಟೊ ಫ್ರಿಶ್ ಜೊತೆ ಹಿಮದಲ್ಲಿ ನಡೆಯುತ್ತಾ, ಮರದ ದಿಮ್ಮಿಯ ಮೇಲೆ ಕುಳಿತು, ಕಾಗದದ ಚೂರಿನಲ್ಲಿ ಲೆಕ್ಕ ಹಾಕಿದರು.

ಯುರೇನಿಯಮ್ಮಿನ ಬೀಜಕೇಂದ್ರವು ತುಂಬಿ ತುಳುಕುವ ನೀರಹನಿಯಂತೆ. ನ್ಯೂಟ್ರಾನ್ ಒಳಹೊಕ್ಕರೆ ಅದು ಅಲುಗಿ, ನಡು ಸಣ್ಣದಾಗಿ, ಎರಡಾಗುತ್ತದೆ. ಧನವಿದ್ಯುತ್ತುಳ್ಳ ಆ ಎರಡು ಹೋಳುಗಳು ಒಂದನ್ನೊಂದು ತಳ್ಳಿ ಮಹಾವೇಗದಿಂದ ಸಿಡಿಯುತ್ತವೆ. ಆ ವೇಗವೇ ಶಾಖವಾಗುತ್ತದೆ. ಚೂರುಗಳನ್ನೆಲ್ಲ ಕೂಡಿಸಿ ತೂಗಿದರೆ ಪ್ರೋಟಾನಿನ ಸುಮಾರು ಐದನೆಯ ಒಂದು ಭಾಗ ಕಡಿಮೆ. ಐನ್‌ಸ್ಟೈನ್ ತಿಳಿಸಿದಂತೆ ಆ ಕಳೆದುಹೋದ ದ್ರವ್ಯವೇ ಶಕ್ತಿ. ಜೊತೆಗೆ ಹೊರಬೀಳುವ ಎರಡು ಮೂರು ನ್ಯೂಟ್ರಾನುಗಳು ಇತರ ಬೀಜಕೇಂದ್ರಗಳನ್ನು ಒಡೆಯುತ್ತವೆ. ಇದೇ ಸರಪಳಿ ಕ್ರಿಯೆ.

ಸರಪಳಿಗೆ ಕಡಿವಾಣವಿದ್ದರೆ ಅದು ಕೈಗಾ. ಅಲ್ಲಿ ಭಾರಜಲವು ನ್ಯೂಟ್ರಾನುಗಳ ವೇಗವನ್ನು ತಗ್ಗಿಸುತ್ತದೆ, ಶಾಖವನ್ನೂ ಹೊತ್ತೊಯ್ಯುತ್ತದೆ. ಆ ಶಾಖದಿಂದ ಹುಟ್ಟಿದ ಉಗಿ ಟರ್ಬೈನನ್ನು ತಿರುಗಿಸುತ್ತದೆ. 2000ದಿಂದ 2011ರೊಳಗೆ ತಲಾ 220 ಮೆಗಾವ್ಯಾಟಿನ 4 ಘಟಕಗಳು ಕಾರ್ಯಾರಂಭ ಮಾಡಿದವು. ಮೊದಲ ಘಟಕ 2018ರ ಕೊನೆಗೆ ಸತತ 962 ದಿನಗಳ ಓಟವನ್ನು ಮುಗಿಸಿ ಅಂದಿನ ವಿಶ್ವದಾಖಲೆ ಬರೆಯಿತು. ಆದರೆ ನಿರ್ಮಾಣದ ವೇಳೆ, 1994ರ ಮೇ ತಿಂಗಳಲ್ಲಿ, ಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದದ್ದನ್ನೂ ನಾವು ಮರೆಯಲಾಗದು. ಉರಿದುಳಿದ ಇಂಧನವನ್ನು ತಲೆಮಾರುಗಳವರೆಗೆ ಕಾಯಬೇಕೆಂಬುದೂ ನಿಜ.

ಕಡಿವಾಣವಿಲ್ಲದಿದ್ದರೆ ಅದು ಹಿರೋಶಿಮಾ. 1945ರ ಆಗಸ್ಟ್ 6ರಂದು, ಪ್ರಭುವಿನ ರೂಪಾಂತರದ ಹಬ್ಬದಂದೇ, ಆ ನಗರ ಸುಟ್ಟುಹೋಯಿತು. ಮೂರು ದಿನಗಳ ಬಳಿಕ ನಾಗಸಾಕಿಯಲ್ಲಿ ಉರಕಮಿಯ ಮಹಾದೇವಾಲಯವೂ ಕುಸಿಯಿತು. ಬಾಂಬಿನ ಕೆಲಸಕ್ಕೆ ಬಂದ ಆಹ್ವಾನವನ್ನು ಮೈಟ್ನರ್ ನಿರಾಕರಿಸಿದ್ದರು. 1944ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಸಂದಿತು, ಆಕೆಗೆ ಪಾಲಿರಲಿಲ್ಲ.

ನಿಸರ್ಗದ ನಿಯಮ ಎರಡು ಕಡೆಯೂ ಒಂದೇ. ಬೇರೆಯಾದದ್ದು ಮನುಷ್ಯನ ಆಯ್ಕೆ. ಇಂದು ರಾತ್ರಿ ದೀಪ ಹಚ್ಚುವಾಗ ಮಕ್ಕಳಿಗೆ ಈ ಕಥೆ ಹೇಳಿರಿ. ಅರಿವು ದೊಡ್ಡದು, ಇದಕ್ಕೆ ನಾನು ಕೈಹಾಕಲಾರೆ ಎನ್ನುವ ಧೈರ್ಯವೂ ಅಷ್ಟೇ ದೊಡ್ಡದು ಎಂಬುದನ್ನು ಅವರು ತಿಳಿಯಲಿ.