ಜಾಗರಣೆಯ ಕಾಲಮಾನ: ಅಹೋರಾತ್ರಿ ಸಂಗೀತ ಸೇವೆ ಮತ್ತು ರಾಗಸಮಯ

1. ಪ್ರಸ್ತಾವನೆ

ಉತ್ತರ ಕರ್ನಾಟಕದ ಮಠ, ಆಶ್ರಮಗಳಲ್ಲಿ ಗುರುಗಳ ಪುಣ್ಯಸ್ಮರಣೆಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಅದನ್ನು ಭಕ್ತಿಯ ಆಚರಣೆಯೆಂದೋ ಕಲಾವಿದರ ಗುರುಋಣವೆಂದೋ ವಿವರಿಸುವುದು ವಾಡಿಕೆ. ಎರಡೂ ಸರಿಯೇ. ಆದರೆ ಈ ಲೇಖನ ಅದನ್ನು ಸಂಗೀತಶಾಸ್ತ್ರದ ಪ್ರಶ್ನೆಯಾಗಿ ಎತ್ತಿಕೊಳ್ಳುತ್ತದೆ. ಪ್ರತಿ ರಾಗಕ್ಕೂ ತನ್ನದೇ ಹೊತ್ತಿದೆ ಎನ್ನುವ ಹಿಂದೂಸ್ತಾನಿ ಪದ್ಧತಿಯ ರಾಗಸಮಯ ಸಿದ್ಧಾಂತವನ್ನು ಕಿವಿಯಿಂದಲೇ ಪರೀಕ್ಷಿಸಲು ಸಾಧ್ಯವಾಗುವುದು ಇಡೀ ರಾತ್ರಿ ಎಚ್ಚರವಿರುವ ಕೇಳುಗನಿಗೆ. ಆ ಎಚ್ಚರವನ್ನು ಕಾಪಾಡಿಕೊಂಡು ಬಂದದ್ದು ಜಾಗರಣೆಯೆಂಬ ಧಾರ್ಮಿಕ ವ್ರತ. ಇದು ಇಲ್ಲಿನ ವಾದ.

2. ಮೊದಲೇ ಸಿದ್ಧವಿದ್ದ ರಾತ್ರಿ

ಹಿಂದೂಸ್ತಾನಿ ಸಂಗೀತ ಈ ನೆಲಕ್ಕೆ ಬರುವ ಮೊದಲೇ ಇಲ್ಲಿ ರಾತ್ರಿಯಿಡೀ ಕೂತು ಕೇಳುವ ಅಭ್ಯಾಸವಿತ್ತು. ಶಿವರಾತ್ರಿಯ ಜಾಗರಣೆ, ಏಕತಾರಿ ದಿಮ್ಮಡಿಗಳ ಭಜನೆ, ಬೆಳಗಿನವರೆಗೆ ನಡೆಯುವ ದೊಡ್ಡಾಟ, ಇವೆಲ್ಲವೂ ಆ ಅಭ್ಯಾಸವನ್ನು ಬೆಳೆಸಿದ್ದವು. ಮೈಸೂರು ದರ್ಬಾರಿಗೆ ಹೋಗಿಬರುವಾಗ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದ ಅಬ್ದುಲ್ ಕರೀಂ ಖಾನರ (1872–1937) ಗಾಯನಕ್ಕೆ ಇಲ್ಲಿ ನೆಲೆ ಸಿಕ್ಕಿದ್ದರಲ್ಲಿ ಈ ಸಿದ್ಧತೆಯ ಪಾಲೂ ಇದೆ. ಅವರ ಶಿಷ್ಯ ಸವಾಯಿ ಗಂಧರ್ವರ (1886–1952) ನೆನಪಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ನಡೆದುಬಂದಿರುವ ಪುಣ್ಯತಿಥಿ ಸಂಗೀತವೂ ರಾತ್ರಿಯನ್ನೇ ಆಶ್ರಯಿಸಿತು.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಭಕ್ತಿ ಮತ್ತು ಸಂಗೀತದ ಈ ಬೆಸುಗೆ ಇನ್ನೂ ಗಟ್ಟಿ. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಲ್ಲಿನ ಗುರು ಪಂಚಾಕ್ಷರಿ ಗವಾಯಿಗಳು (1892–1944) ಕರ್ನಾಟಕ ಸಂಗೀತವನ್ನು ಕಲಿತರು, ಬಳಿಕ ನೀಲಕಂಠಬುವಾ ಆಲೂರಮಠರಲ್ಲಿ ಹಿಂದೂಸ್ತಾನಿಯನ್ನೂ ಕಲಿತರು. ಅವರ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳು (1914–2010) ಅಂಧರಿಗೂ ಅನಾಥರಿಗೂ ಅನ್ನದ ಜೊತೆಗೇ ಸ್ವರವನ್ನು ಕೊಟ್ಟರು. ಇಂಥ ಸ್ಥಳದಲ್ಲಿ ಹಾಡುವುದಕ್ಕೆ ‘ಕಚೇರಿ’ ಎನ್ನದೆ ‘ಸಂಗೀತ ಸೇವೆ’ ಎನ್ನುತ್ತಾರೆ. ಕಲಾವಿದ ಮೊದಲು ಗದ್ದುಗೆಗೆ ನಮಸ್ಕರಿಸಿ ಆಮೇಲೆ ತಂಬೂರಿ ಮುಟ್ಟುತ್ತಾನೆ.

3. ಒಂದೇ ಸ್ವರಗಳು, ಎರಡು ಹೊತ್ತು

ವಿಷ್ಣು ನಾರಾಯಣ ಭಾತಖಂಡೆ (1860–1936) ಅವರ ವಿಂಗಡಣೆಯಂತೆ ಮಧ್ಯಾಹ್ನದಿಂದ ಮಧ್ಯರಾತ್ರಿಯವರೆಗಿನ ರಾಗಗಳ ವಾದಿ (ಪ್ರಧಾನ) ಸ್ವರ ಪೂರ್ವಾಂಗದಲ್ಲಿ, ಅಂದರೆ ಸಪ್ತಕದ ಕೆಳಭಾಗದಲ್ಲಿ, ಇರುತ್ತದೆ. ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗಿನ ರಾಗಗಳಲ್ಲಿ ಅದು ಉತ್ತರಾಂಗಕ್ಕೆ, ಅಂದರೆ ಮೇಲ್ಭಾಗಕ್ಕೆ, ಏರುತ್ತದೆ. ಪುಸ್ತಕದಲ್ಲಿ ಇದು ಒಣ ನಿಯಮವಾಗಿ ಕಾಣುತ್ತದೆ. ರಾತ್ರಿಯ ಕೇಳ್ಮೆಯಲ್ಲಿ ಹಾಗಲ್ಲ.

ಪೂರಿಯಾ ಮತ್ತು ಸೋಹನಿ ರಾಗಗಳನ್ನು ನೋಡಿ. ಎರಡರಲ್ಲೂ ಪಂಚಮ ವರ್ಜ್ಯ, ರಿಷಭ ಕೋಮಲ, ಮಧ್ಯಮ ತೀವ್ರ. ಬಳಸುವ ಸ್ವರಗಳು ಮುಖ್ಯವಾಗಿ ಅವೇ. ಆದರೆ ಸಂಜೆಯ ಪೂರಿಯಾ ಗಾಂಧಾರವನ್ನು ನೆಚ್ಚಿ ಮಂದ್ರದ ಕಡೆಗೆ ಬಾಗುತ್ತದೆ. ರಾತ್ರಿಯ ಕೊನೆಯ ಪ್ರಹರದ ಸೋಹನಿ ಧೈವತವನ್ನು ಮೆಟ್ಟಿ ತಾರಷಡ್ಜದಲ್ಲಿ ಹೊಳೆಯುತ್ತದೆ. ಭೂಪ ಮತ್ತು ದೇಶಕಾರಗಳದೂ ಇದೇ ಸಂಬಂಧ. ಐದು ಸ್ವರಗಳು ಅವೇ. ರಾತ್ರಿಯ ಮೊದಲ ಪ್ರಹರದ ಭೂಪಕ್ಕೆ ಗಾಂಧಾರ ವಾದಿಯಾದರೆ ಬೆಳಗಿನ ದೇಶಕಾರಕ್ಕೆ ಧೈವತ ವಾದಿ.

ಎರಡು ಗಂಟೆಯ ಸಭಾಗೃಹದ ಕಾರ್ಯಕ್ರಮದಲ್ಲಿ ಈ ಜೋಡಿಗಳ ಒಂದು ತುದಿ ಮಾತ್ರ ಕೇಳಿಸುತ್ತದೆ. ಅಹೋರಾತ್ರಿಯಲ್ಲಿ ಒಬ್ಬರು ಮುಸ್ಸಂಜೆಗೆ ಹಾಡಿದ ಪೂರಿಯಾ ಕಿವಿಯಲ್ಲಿ ಇನ್ನೂ ಇರುವಾಗಲೇ ಇನ್ನೊಬ್ಬರ ಸೋಹನಿ ಬರಬಹುದು. ನಡುವೆ ಬಾಗೇಶ್ರೀ, ದರ್ಬಾರಿ, ಮಾಲಕಂಸಗಳು ಕಳೆದಿರುತ್ತವೆ. ಕಲಾವಿದರು ಬದಲಾಗುತ್ತಾರೆ, ಸಾಥಿದಾರರು ಬದಲಾಗುತ್ತಾರೆ. ಕೂತಲ್ಲೇ ಕೂತವನು ಕೇಳುಗ. ಈ ಎರಡು ತುದಿಗಳನ್ನು ಕೂಡಿಸುವವನು ಅವನೇ.

4. ಸೇವೆಯೆಂಬ ಶಿಸ್ತು

ಹಾಡುವವರಿಗೂ ಈ ರಾತ್ರಿ ಕಠಿಣ ಪರೀಕ್ಷೆ. ಹತ್ತು ಗಂಟೆಗೆಂದು ಬಾಗೇಶ್ರೀ ಸಿದ್ಧಮಾಡಿಕೊಂಡು ಬಂದವರ ಸರದಿ ಮೂರಕ್ಕೆ ಜಾರಬಹುದು. ತನ್ನ ಹಿಂದಿನವರು ಹಾಡಿದ ರಾಗವನ್ನು ಮತ್ತೆ ಎತ್ತಿಕೊಳ್ಳದಿರುವುದು ಮರ್ಯಾದೆ. ಹೀಗಾಗಿ ಪ್ರತಿ ಪ್ರಹರಕ್ಕೂ ಒಂದೆರಡು ರಾಗ, ಆ ರಾಗದಲ್ಲಿ ಬೇರೆ ಬೇರೆ ಚೀಜುಗಳು ಗಂಟಲಲ್ಲಿರಬೇಕು. ಇಬ್ಬನಿಯ ತಂಪಿಗೆ ತಬಲಾದ ಚರ್ಮ ಸಡಿಲುತ್ತದೆ, ತಂಬೂರಿ ಮತ್ತೆ ಮತ್ತೆ ಶ್ರುತಿಗೆ ಕಾಯುತ್ತದೆ. ನಿದ್ದೆಗೆಟ್ಟ ದನಿಯಲ್ಲಿ ವಿಲಂಬಿತ ಖ್ಯಾಲನ್ನು ನಿಲ್ಲಿಸುವ ಶಕ್ತಿ ರಿಯಾಜಿನಿಂದಲೇ ಬರಬೇಕು.

ಸಾಹಿತ್ಯದ ಪ್ರಶ್ನೆಯೂ ಇಲ್ಲಿದೆ. ಖ್ಯಾಲಿನ ಬಂದಿಶುಗಳ ಬ್ರಜ ಭಾಷೆ ಸಭೆಯ ರೈತನಿಗೆ ತಿಳಿಯಬೇಕೆಂದಿಲ್ಲ. ಅವನನ್ನು ರಾಗ ಹಿಡಿದಿಡುತ್ತದೆ. ಖ್ಯಾಲಿನ ಬಳಿಕ ಬರುವ ವಚನ, ತತ್ವಪದ, ದಾಸರ ಪದಗಳು ಅವನನ್ನು ಮನೆಗೆ ಕರೆತರುತ್ತವೆ. ಮಲ್ಲಿಕಾರ್ಜುನ ಮನಸೂರರ (1910–1992) ವಚನ ಗಾಯನ ಮತ್ತು ಭೀಮಸೇನ ಜೋಶಿಯವರ (1922–2011) ದಾಸವಾಣಿ ಈ ಹದಕ್ಕೆ ಎತ್ತರದ ಉದಾಹರಣೆಗಳು. ಅವುಗಳಲ್ಲಿ ರಾಗ ತೆಳುವಾಗಿಲ್ಲ, ಮಾತೂ ಮರೆಯಾಗಿಲ್ಲ.

5. ಕಾಶಿಯ ಹೋಲಿಕೆ

ಭಕ್ತಿ ಮತ್ತು ಸಂಗೀತದ ಈ ಬೆಸುಗೆ ನಮ್ಮದಷ್ಟೇ ಅಲ್ಲ. ವಾರಾಣಸಿಯ ಸಂಕಟಮೋಚನ ಹನುಮಂತನ ಗುಡಿಯಲ್ಲಿ 1923ರಿಂದ ನಡೆದುಬಂದಿರುವ ಸಂಗೀತ ಸಮಾರೋಹದಲ್ಲಿ ಪ್ರಸಿದ್ಧ ಕಲಾವಿದರು ದೇವರೆದುರು ‘ಹಾಜರಿ’ ಹಾಕುತ್ತಾರೆ. ಪ್ರಾಂಗಣ ಎಲ್ಲರಿಗೂ ತೆರೆದಿರುತ್ತದೆ. 1875ರಲ್ಲಿ ಆರಂಭವಾದ ಜಲಂಧರದ ಹರಿವಲ್ಲಭ ಸಮ್ಮೇಳನದ ಮೂಲವೂ ಗುರುವಿನ ಸ್ಮರಣೆಯೇ. ಟಿಕೆಟ್ಟಿಲ್ಲದ ಇಂಥ ಕಡೆಗಳಲ್ಲಿ ಎದ್ದುಹೋಗಲು ಯಾರಿಗೂ ಅಡ್ಡಿಯಿಲ್ಲ. ಆದರೂ ಕೂತಿರುವವರ ನಿಷ್ಠೆಯೇ ಕಲಾವಿದನಿಗೆ ಸಿಗುವ ಸಂಭಾವನೆ.

6. ಮೊಟಕಾದ ರಾತ್ರಿ

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. ರೋಗಿಗಳ, ಮಕ್ಕಳ ನಿದ್ದೆಗೆ ಬೆಲೆ ಕೊಡುವ ಈ ನಿಯಮ ನ್ಯಾಯವಾದದ್ದು. ಪುಣೆಯ ಸವಾಯಿ ಗಂಧರ್ವ ಮಹೋತ್ಸವವೂ ಇಡೀ ರಾತ್ರಿಯ ರೂಪವನ್ನು ಬಿಡಬೇಕಾಯಿತು. ಕಾರ್ಯಕ್ರಮ ಹತ್ತಕ್ಕೆ ಮುಗಿದರೆ ಸೋಹನಿ, ಪರಜ, ಲಲಿತಗಳಿಗೆ ವೇದಿಕೆ ಕುಗ್ಗುತ್ತದೆ. ವೇದಿಕೆ ಕುಗ್ಗಿದರೆ ಕಲಿಯುವವರ ಉತ್ಸಾಹವೂ ಕುಗ್ಗುತ್ತದೆ.

ಆದರೆ ಆ ನಿಯಮಗಳು ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಕೊಟ್ಟಿವೆ. ವಾಡೆಯ ಪಡಸಾಲೆಯಲ್ಲೋ ಮಠದ ಒಳಾಂಗಣದಲ್ಲೋ ನೂರಿನ್ನೂರು ಜನ ಧ್ವನಿವರ್ಧಕವಿಲ್ಲದೆ ಕೇಳಬಲ್ಲ ಬೈಠಕ್ಕುಗಳನ್ನು ನಡೆಸಲು ಯಾವ ಅಡ್ಡಿಯೂ ಇಲ್ಲ. ಅಲ್ಲಿ ಹಾಡಿದ್ದನ್ನು ದಾಖಲಿಸುವಾಗ ಕಲಾವಿದರ ಹೆಸರು, ರಾಗ, ಬಂದಿಶುಗಳ ಜೊತೆಗೆ ಹೊತ್ತನ್ನೂ ಸರದಿಯನ್ನೂ ಬರೆದಿಡಬೇಕು. ಸೋಹನಿಯ ಧ್ವನಿಮುದ್ರಿಕೆಯನ್ನು ಹಗಲಿನಲ್ಲೂ ಕೇಳಬಹುದು. ಆದರೆ ಪೂರಿಯಾ ಕೇಳಿ ಎಂಟು ಗಂಟೆ ಎದ್ದಿದ್ದವನ ಸೋಹನಿ ಬೇರೆಯದೇ. ಅದನ್ನು ಉಳಿಸಿಕೊಳ್ಳಬೇಕಾದರೆ ರಾತ್ರಿಯನ್ನೇ ಉಳಿಸಿಕೊಳ್ಳಬೇಕು.