ಪಾಪನಿವೇದನೆಯೂ ಪುನಃಸಂಕಲ್ಪವೂ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಮಾರ್ಗದಲ್ಲಿ ಬಾತಿಯೆಂಬ ಊರಿರುವುದು. ಅದನ್ನು ದಾಟಿ ಮುಂದೆ ನಡೆದರೆ ಸಿಕ್ಕುವ ಹರಿಹರವು, ಹೊಯ್ಸಳರ ದಂಡನಾಥನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಪ್ರಸಿದ್ಧವಾದುದು. ಅದೇ ಊರಿನಲ್ಲಿ ಆರೋಗ್ಯಮಾತೆಯ ಕ್ರೈಸ್ತಕ್ಷೇತ್ರವೂ ಇದ್ದು, 2019ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವವು ಸಂದಿತು. ಸೆಪ್ಟೆಂಬರ್ 8ರಂದು ಅಲ್ಲಿ ಉತ್ಸವ. ಇಂತಹ ಹಬ್ಬಗಳಿಗೆ ಮುನ್ನ ಗುರುವಿನೆದುರು ಪಾಪನಿವೇದನೆ ಮಾಡಿಕೊಳ್ಳುವುದು ಕಥೋಲಿಕ ಕ್ರೈಸ್ತರ ರೂಢಿ. ಈ ಆಚಾರದ ಹಿಂದಿರುವ ಇತಿಹಾಸವು ವಿಚಾರಾರ್ಹವಾದುದು.

ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸನು ಪ್ರಜೆಗಳೆಲ್ಲರೂ ರಾಜ್ಯದ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ವಿಧಿಸಿದಾಗ, ಪ್ರಾಣಭಯದಿಂದ ಅನೇಕ ಕ್ರೈಸ್ತರು ತಲೆಬಾಗಿದರು. ಭಯವು ತೀರಿದ ಬಳಿಕ ಅವರು ಸಭೆಯ ಬಾಗಿಲಿಗೆ ಬಂದು ನಿಂತರು. ಇವರನ್ನು ಎಂದೆಂದಿಗೂ ಸೇರಿಸಲಾಗದೆಂದು ಕೆಲವರು, ಕೂಡಲೆ ಸೇರಿಸಬೇಕೆಂದು ಕೆಲವರು ವಾದಿಸಿದರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯಾನನು ಇವೆರಡನ್ನೂ ಒಪ್ಪಲಿಲ್ಲ. ಬಾಗಿಲನ್ನು ಮುಚ್ಚಲಾಗದು, ಆದರೆ ಪ್ರಾಯಶ್ಚಿತ್ತವಿಲ್ಲದೆ ಒಳಹೋಗಲೂ ಆಗದು ಎಂಬುದೇ ಅವನ ನಿಲುವು. ಮುಂದೆ 1215ರ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. 1551ರಲ್ಲಿ ಟ್ರೆಂಟ್ ಮಹಾಸಭೆಯು, ಇನ್ನು ಮುಂದೆ ಪಾಪವನ್ನು ಮಾಡೆನೆಂಬ ಸಂಕಲ್ಪವು ಪಶ್ಚಾತ್ತಾಪದ ಅಂಗವೇ ಎಂದು ಸಾರಿತು. ಮುಂದೆ ನಿವೇದಿಸುವೆನೆಂಬ ಇಚ್ಛೆಯೊಡಗೂಡಿದ ಪರಿಪೂರ್ಣ ಪಶ್ಚಾತ್ತಾಪವು ದೇವರೊಡನೆ ಸಂಧಾನವನ್ನುಂಟುಮಾಡುವುದೆಂದೂ ಅದು ತಿಳಿಸಿತು.

ಕಾರ್ಥೇಜಿನ ಆ ಪ್ರಶ್ನೆಯು ಕನ್ನಡನಾಡಿನಲ್ಲಿಯೂ ಒಮ್ಮೆ ಎದ್ದಿತು. ಎರಡನೆಯ ಮೈಸೂರು ಯುದ್ಧದಲ್ಲಿ ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ, 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಪ್ರಾಂತದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅದು ವಿಭೂತಿ ಬುಧವಾರದಂದು, ಎಂದರೆ ಭಕ್ತರು ಹಣೆಗೆ ಬೂದಿಯನ್ನು ಧರಿಸಿ ಪಶ್ಚಾತ್ತಾಪಕಾಲವನ್ನು ಆರಂಭಿಸುವ ದಿನದಂದು, ನಡೆಯಿತೆಂದು ಆ ಸಮುದಾಯದ ನೆನಪು. ಗುರುಗಳು ದೇಶದಿಂದ ಹೊರಗಟ್ಟಲ್ಪಟ್ಟರು. ಸೆರೆಯಲ್ಲಿದ್ದವರಲ್ಲಿ ಎಷ್ಟೋ ಮಂದಿ ಮಡಿದರು; ಎಷ್ಟೋ ಮಂದಿ ಬಲಾತ್ಕಾರದಿಂದ ಮತಾಂತರಗೊಂಡರು. ಹದಿನೈದು ವರ್ಷಗಳ ಕಾಲ, ತನ್ನ ದೋಷವನ್ನು ಹೇಳಿಕೊಳ್ಳಬೇಕೆಂದವನಿಗೆ ಕೇಳುವ ಕಿವಿಯೇ ಇರಲಿಲ್ಲ. ಟ್ರೆಂಟಿನ ಆ ಮಾತು ಶಾಸ್ತ್ರಗ್ರಂಥದಿಂದಿಳಿದು ಬದುಕಿಗೆ ಬಂದುದು ಇಂತಹ ಸ್ಥಿತಿಯಲ್ಲಿಯೇ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಫ್ರೆಂಚ್ ಗುರು ಆಬೆ ದ್ಯುಬುವಾ ಅವರನ್ನು ಕರೆಸಲಾಯಿತು. ಬಲವಂತದಿಂದ ಮತವನ್ನು ಬಿಟ್ಟವರನ್ನು ಮತ್ತೆ ಸಭೆಗೆ ಸೇರಿಸುವುದು ಅವರ ಮೊದಲ ಕಾರ್ಯಗಳಲ್ಲೊಂದು. ದೇಶೀಯರ ಉಡುಪನ್ನುಟ್ಟು, ಮಾಂಸಾಹಾರವನ್ನು ತೊರೆದು, ಜನರ ನಡುವೆ ಜನರಂತೆ ಬಾಳಿದ ಅವರು 1823ರವರೆಗೂ ಈ ದೇಶದಲ್ಲಿದ್ದರು.

ಬಲಾತ್ಕಾರದಿಂದ ಆದುದು ಪಾಪವೆ? ಇಚ್ಛೆಯು ಕುಂದಿದಷ್ಟೂ ದೋಷವೂ ಕುಂದುವುದೆಂದು ಧರ್ಮಶಾಸ್ತ್ರವು ಒಪ್ಪುವುದು. ಆದರೂ ಮನುಷ್ಯನ ಅಂತಃಕರಣವು ಶಾಸ್ತ್ರದ ರಿಯಾಯಿತಿಯಿಂದ ತಣಿಯುವುದಿಲ್ಲ. ಪ್ರಾಯವೆಂದರೆ ತಪಸ್ಸು, ಚಿತ್ತವೆಂದರೆ ನಿಶ್ಚಯ, ಇವೆರಡರ ಸಂಯೋಗವೇ ಪ್ರಾಯಶ್ಚಿತ್ತವೆಂದು ನಮ್ಮ ಸ್ಮೃತಿಕಾರರ ನಿರ್ವಚನ. ಶ್ರೀರಂಗಪಟ್ಟಣದವರು ತಪಸ್ಸನ್ನು ಸೆರೆಯಲ್ಲಿಯೇ ಮಾಡಿದ್ದರು, ಉಳಿದಿದ್ದುದು ನಿಶ್ಚಯವೊಂದೆ. ಸಭೆಯ ಮುಂದೆ ಮರಳಿ ಬಂದು ನಿಂತುದೇ ಆ ನಿಶ್ಚಯವಾಯಿತು. ಆಡಿದ ಮಾತು ಕಳೆದುದನ್ನು ಅಳಿಸಲಾರದು. ಮುಂದಿನ ನಡೆಯನ್ನು ತಿದ್ದಬಲ್ಲುದು. ಪಾಪನಿವೇದನೆಯ ಫಲವನ್ನು ಅಳೆಯಬೇಕಾದುದು ಅದರಿಂದಲೇ.