ಇನ್ನೂ ಸೋರದ ಪೈಪಿಗೆ ಪರಿಹಾರ

ಗೋಡೆ ಒಳಗಿನ ಪೈಪ್ ಒಡೆದು ಮನೆ ಹಾಳಾದರೆ ಪರಿಹಾರ ಕೇಳೋದು ಹೇಗೆ ಅಂತ ಎಲ್ಲರಿಗೂ ಗೊತ್ತು. ಒದ್ದೆ ಗೋಡೆ ಕಣ್ಣ ಮುಂದೆ ಇರುತ್ತೆ, ಪ್ಲಂಬರ್ ಬಿಲ್ಲು ಕೈಯಲ್ಲಿರುತ್ತೆ. ಆದರೆ ಇನ್ನೂ ಒಡೆಯದ, ಇವತ್ತೋ ನಾಳೆಯೋ ಹತ್ತು ವರ್ಷಕ್ಕೋ ಒಡೀಬಹುದು ಅನ್ನೋ ಪೈಪಿಗೆ ಯಾರನ್ನ ಕೇಳೋದು? ಎಷ್ಟು ಅಂತ ಕೇಳೋದು? ಅಮೆರಿಕದಲ್ಲಿ ಈ ಪ್ರಶ್ನೆ ಲಕ್ಷಾಂತರ ಮನೆಗಳಿಗೆ ಒಟ್ಟಿಗೇ ಬಂದಿತ್ತು. ಅದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಿದ್ದೆ, ಇವತ್ತು ಕೂತಿದ್ದೀನಿ. ನಾನು ವಕೀಲ ಅಲ್ಲ, ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋನು. ಹಾಗಾಗಿ ಲಾ ಪಾಯಿಂಟುಗಳಿಗಿಂತ ಪೈಪಿನ ಕಡೆಗೇ ನನ್ನ ಗಮನ ಜಾಸ್ತಿ :-)

ಪೈಪಿನ ಹೆಸರು ಪಾಲಿಬ್ಯುಟಿಲೀನ್. ಸಾಮಾನ್ಯವಾಗಿ ಬೂದು ಬಣ್ಣ, ಕೈಯಲ್ಲಿ ಹಿಡಿದರೆ ಬಳುಕುವ ಪ್ಲಾಸ್ಟಿಕ್. 1978ರಿಂದ 1995ರವರೆಗೆ ಅಮೆರಿಕದ ಹೊಸ ಮನೆಗಳಲ್ಲಿ ಇದನ್ನ ಧಾರಾಳವಾಗಿ ಹಾಕಿದರು. ಕಾರಣ ಸರಳ. ತಾಮ್ರದ ಪೈಪಿಗಿಂತ ಅಗ್ಗ, ಬೆಸುಗೆ ಹಾಕೋ ಕೆಲಸ ಇಲ್ಲ, ತಿರುವಿನಲ್ಲಿ ಬಗ್ಗಿಸಿದರೆ ಬಗ್ಗುತ್ತೆ. ಕಡಿಮೆ ಖರ್ಚಲ್ಲಿ ಸಾಲು ಸಾಲು ಮನೆ ಕಟ್ಟಿ ಮಾರುವ ಬಿಲ್ಡರಿಗೆ ಇನ್ನೇನು ಬೇಕು? ಒಟ್ಟು 60 ಲಕ್ಷದಿಂದ 1 ಕೋಟಿ ಮನೆಗಳಲ್ಲಿ ಇದು ಇತ್ತು ಅಂತ ಅಂದಾಜು. ಪೈಪಿಗೆ ಬೇಕಾದ ಕಚ್ಚಾ ಪ್ಲಾಸ್ಟಿಕ್ ಮಾಡ್ತಿದ್ದದ್ದು ಶೆಲ್ ಕಂಪನಿ. ಪೈಪುಗಳನ್ನು ಜೋಡಿಸುವ ಫಿಟ್ಟಿಂಗುಗಳು ಅಸಿಟಾಲ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನವು. ಅದರ ಕಚ್ಚಾ ಮಾಲು ಹೋಕ್ಸ್ಟ್ ಸೆಲನೀಸ್ ಮತ್ತು ಡ್ಯುಪಾಂಟ್ ಕಂಪನಿಗಳದ್ದು.

ತೊಂದರೆ ಎಲ್ಲಿತ್ತು ಅಂದರೆ, ನೀರಲ್ಲೇ. ನಗರದ ನೀರಿಗೆ ಕ್ರಿಮಿ ಸಾಯಲಿ ಅಂತ ಕ್ಲೋರಿನ್ ಹಾಕ್ತಾರಲ್ಲ, ಅದು ಈ ಪ್ಲಾಸ್ಟಿಕ್ಕನ್ನು ಒಳಗಿಂದ ನಿಧಾನವಾಗಿ ತಿನ್ನುತ್ತೆ. ಫಿಟ್ಟಿಂಗ್ ಒಳಮೈ ಹೊಪ್ಪಳಿಕೆ ಏಳುತ್ತೆ, ಸಣ್ಣ ಬಿರುಕು ಬಿಡುತ್ತೆ, ಒಂದು ದಿನ ಬಿರುಕು ಹೊರಗಿನ ತನಕ ಬರುತ್ತೆ. ಹೊರಗಿಂದ ನೋಡಿದರೆ ಅಲ್ಲಿಯವರೆಗೂ ಏನೂ ಗೊತ್ತಾಗಲ್ಲ. ಪಕ್ಕದ ಮನೆಯಲ್ಲಿ ಐದೇ ವರ್ಷಕ್ಕೆ ಸೋರಿದ್ದು ನಿಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಆದರೂ ಸೋರದೇ ಇರಬಹುದು. ನಮ್ಮ ಕೆಲಸದಲ್ಲಿ ಇಂಥದ್ದಕ್ಕೆ ಬಹಳ ಹೆದರ್ತೀವಿ. ಟೆಸ್ಟಿಂಗಿನಲ್ಲಿ ಪಾಸ್ ಆಗಿ, ಗಿರಾಕಿ ಕೈ ಸೇರಿ ವರ್ಷಗಳಾದ ಮೇಲೆ ಮುರಿದು ಬೀಳುವ ಬಗ್ ಇದು. ಕಂಪನಿಗಳು ಮೊದಮೊದಲು ಪ್ಲಂಬರುಗಳ ಕಡೆ ಬೆರಳು ತೋರಿಸಿದವು, ಸರಿಯಾಗಿ ಜೋಡಿಸಿಲ್ಲ ಅಂತ.

ಕೇಸುಗಳು ಶುರುವಾದವು. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಮನೆಯವರು ಹಾಕಿದ ಕೇಸಲ್ಲ, ವಿಮಾ ಕಂಪನಿಯ ಜಗಳ. ಯು.ಎಸ್. ಬ್ರಾಸ್ ಅನ್ನುವ ಕಂಪನಿ 1979ರಿಂದ 1986ರವರೆಗೆ 'ಕ್ವೆಸ್ಟ್' ಹೆಸರಲ್ಲಿ ಈ ಪೈಪ್ ವ್ಯವಸ್ಥೆ ಮಾರಿತ್ತು. ಅದರ ಮಾತೃಸಂಸ್ಥೆ ಎಲ್ಜರ್. ವಿಮೆ ಇದ್ದದ್ದು 'ಆಸ್ತಿಗೆ ಭೌತಿಕ ಹಾನಿ' ಆದರೆ ಅಂತ, ಅದೂ ವಿಮೆಯ ಅವಧಿಯೊಳಗೆ ಆದರೆ. ಹಾಗಾದರೆ ಹಾನಿ ಆದದ್ದು ಯಾವಾಗ? ಪೈಪ್ ಸೋರಿದ ದಿನವೋ, ಅದನ್ನ ಗೋಡೆಯೊಳಗೆ ಇಟ್ಟ ದಿನವೋ? 1992ರಲ್ಲಿ ಷಿಕಾಗೋದ ಫೆಡರಲ್ ಅಪೀಲು ನ್ಯಾಯಾಲಯದ ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್, ಇಟ್ಟ ದಿನವೇ ಅಂದರು. ಮುಂದೆ ಕೆಡುವಂಥ ವಸ್ತು ಮನೆಯ ಭಾಗವಾಗಿ ಸೇರಿಹೋದಾಗಲೇ ಮನೆಗೆ ಪೆಟ್ಟು ಬಿತ್ತು ಅನ್ನೋದು ಅವರ ವಾದದ ತಿರುಳು. ಎಷ್ಟು ಚೆನ್ನಾಗಿದೆ ಅನ್ಸಿತು ನನಗೆ. ಆದರೆ 2001ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟು ಅದೇ ಎಲ್ಜರ್ ವಿಷಯದಲ್ಲಿ ಇಲಿನಾಯ್ ಕಾನೂನಿನ ಪ್ರಕಾರ ಹಾಗಲ್ಲ ಅಂತ ಹೇಳಿತು. ಸೋರಿದಾಗ ಮಾತ್ರ ಹಾನಿ, ಸೋರದ ಪೈಪ್ ಅಂದರೆ ಬರೀ ಪೈಪ್. ಕಟ್ಟುನಿಟ್ಟಾಗಿ ಪದದ ಅರ್ಥ ನೋಡಿದರೆ ಕೋರ್ಟಿನದ್ದೇ ಸರಿ ಇರಬಹುದು. ಆದರೂ ನನ್ನ ಓಟು ಪೋಸ್ನರಿಗೇ. ಅಂಥ ಪೈಪಿರುವ ಮನೆಯನ್ನ ಯಾರಾದರೂ ಪೂರ್ತಿ ಬೆಲೆ ಕೊಟ್ಟು ಕೊಳ್ತಾರಾ ಹೇಳಿ?

ಅಷ್ಟರಲ್ಲಿ, 1994ರಲ್ಲೇ, ಯು.ಎಸ್. ಬ್ರಾಸ್ ದಿವಾಳಿ ಅರ್ಜಿ ಹಾಕಿಕೊಂಡಿತ್ತು. ದುಡ್ಡಿದ್ದದ್ದು ಕಚ್ಚಾ ಮಾಲು ಮಾಡಿದ ದೊಡ್ಡ ಕಂಪನಿಗಳ ಹತ್ತಿರ. ಟೆನೆಸಿ ರಾಜ್ಯದ ಒಬಿಯನ್ ಕೌಂಟಿ ಅನ್ನುವ ಪುಟ್ಟ ಊರುಗಳ ಪ್ರದೇಶ, ಅದರ ಚಾನ್ಸರಿ ಕೋರ್ಟಿನಲ್ಲಿ 'ಕಾಕ್ಸ್ ವಿರುದ್ಧ ಶೆಲ್' ಅಂತ ಒಂದು ಕ್ಲಾಸ್ ಆ್ಯಕ್ಷನ್ ದಾವೆ. ಅಂದರೆ ಕೆಲವರು ಎಲ್ಲರ ಪರವಾಗಿ ಹಾಕೋದು. 1995ರಲ್ಲಿ ಅಲ್ಲಿ ರಾಜಿ ಆಯಿತು: 95 ಕೋಟಿ ಡಾಲರ್. ಡ್ಯುಪಾಂಟಿನದ್ದು ಬೇರೆ, ಅಲಬಾಮಾದಲ್ಲಿ. ಒಂದು ಸಣ್ಣ ಕೌಂಟಿಯ ನ್ಯಾಯಾಧೀಶರು ಒಪ್ಪಿದ ಕಾಗದ ಇಡೀ ದೇಶದ ಮನೆಮಾಲೀಕರಿಗೆ ಅನ್ವಯ. ಬೇಡ ಅನ್ನೋರು ಗಡುವಿನೊಳಗೆ ಹೊರಗುಳಿಯಬೇಕಿತ್ತು.

ಈ ರಾಜಿಯ ಜಾಣತನ ಇರೋದು ಹಣದಲ್ಲಲ್ಲ, ನಿಯಮದಲ್ಲಿ. ಎಲ್ಲರಿಗೂ ಒಂದಿಷ್ಟು ಚೆಕ್ ಹಂಚಿಬಿಟ್ಟಿದ್ದರೆ ಒಬ್ಬೊಬ್ಬರ ಪಾಲಿಗೆ ನೂರಿನ್ನೂರು ಡಾಲರ್ ಬರ್ತಿತ್ತು, ಅದರಲ್ಲಿ ಒಂದು ಬಚ್ಚಲಿನ ಪೈಪೂ ಬದಲಾಗ್ತಿರಲಿಲ್ಲ. ಅದರ ಬದಲು ಸೋರುವವರೆಗೆ ಕಾಯಿ ಅಂದರು. ನಿಯಮಕ್ಕೆ ಹೊಂದುವ ಸೋರಿಕೆ, ನಿಗದಿ ಮಾಡಿದ ವರ್ಷಗಳೊಳಗೆ ಆದರೆ, ಮನೆಯ ಪೈಪೆಲ್ಲ ಕಿತ್ತು ಹೊಸದು ಹಾಕಿಸಿಕೊಡ್ತೀವಿ, ಆದ ಹಾನಿಗೂ ದುಡ್ಡು ಕೊಡ್ತೀವಿ. ಇದನ್ನೆಲ್ಲ ನೋಡಿಕೊಳ್ಳೋಕೆ ಒಂದು ಪ್ರತ್ಯೇಕ ಕಛೇರಿ. ಮುಂದೆ ಯಾರ ಮನೆ ಸೋರುತ್ತೆ ಅಂತ ಇವತ್ತೇ ಊಹಿಸೋ ತಾಪತ್ರಯವೇ ಇಲ್ಲ. ಆದರೆ ಇದರಲ್ಲೊಂದು ವಿಚಿತ್ರವೂ ಇದೆ ನೋಡಿ. ಪೈಪ್ ಕೆಡುತ್ತಿದೆ ಅಂತ ಗೊತ್ತಿದ್ದೂ, ಸ್ವಂತ ದುಡ್ಡಲ್ಲಿ ಮುಂಚೆಯೇ ಬದಲಾಯಿಸಿದ ಎಚ್ಚರದ ಮನುಷ್ಯ ಸೋರಿಕೆಯ ಪುರಾವೆ ಎಲ್ಲಿಂದ ತರಬೇಕು? ಗಡುವು ಮುಗಿದ ಮಾರನೇ ತಿಂಗಳು ಸೋರಿದವನ ಕಥೆ ಏನು?

ಇದೇ ಉಪಾಯವನ್ನ ಮನುಷ್ಯರ ದೇಹಕ್ಕೆ ಹಚ್ಚೋಕೆ ಹೋದಾಗ ಮುರಿದುಬಿತ್ತು. ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಧೂಳು ಕುಡಿದವರಿಗೆ ದಶಕಗಳ ನಂತರ ಕ್ಯಾನ್ಸರ್ ಬರಬಹುದು. 1993ರಲ್ಲಿ ಆ್ಯಮ್‌ಕೆಮ್ ಮೊದಲಾದ ಕಂಪನಿಗಳ ಕೇಸಲ್ಲಿ ದಾವೆ, ಅದಕ್ಕೆ ಉತ್ತರ, ರಾಜಿ ಒಪ್ಪಂದ ಮೂರನ್ನೂ ಒಂದೇ ದಿನ ಕೋರ್ಟಿಗೆ ಕೊಟ್ಟರು! 1997ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನ ಒಪ್ಪಲಿಲ್ಲ. ತೀರ್ಪು ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್ ಹೇಳಿದ್ದರ ಸಾರ ಇಷ್ಟು: ಈಗಾಗಲೇ ಕಾಯಿಲೆ ಬಿದ್ದವನಿಗೆ ಇವತ್ತು ಕೈತುಂಬ ಹಣ ಬೇಕು, ಮುಂದೆ ಬೀಳಬಹುದಾದವನಿಗೆ ಹಣ ಉಳಿದಿರಬೇಕು, ಇಬ್ಬರನ್ನೂ ಒಂದೇ ಗುಂಪು ಅನ್ನೋಕಾಗಲ್ಲ. ತಾನು ಆ ಧೂಳು ಕುಡಿದಿದ್ದೀನಿ ಅಂತಲೇ ಗೊತ್ತಿಲ್ಲದವನಿಗೆ ನೋಟಿಸ್ ತಲುಪಿಸೋದಾದರೂ ಹೇಗೆ?

ನಮ್ಮ ದೇಶದಲ್ಲೂ ಈ ಪ್ರಶ್ನೆ ಬಂದಿತ್ತು, ಇನ್ನೂ ಘೋರವಾಗಿ. ಭೋಪಾಲ್ ಅನಿಲ ದುರಂತಕ್ಕೆ 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿ ಆಯಿತಲ್ಲ, ಅದು ಸಾಲದು ಅಂತ ಮರುಪರಿಶೀಲನೆಗೆ ಅರ್ಜಿ ಹೋಯಿತು. 1991ರ ಅಕ್ಟೋಬರಿನಲ್ಲಿ ಬಹುಮತದ ತೀರ್ಪು ಬರೆದವರು ನಮ್ಮ ಬೆಂಗಳೂರಿನವರೇ ಆದ ಎಂ. ಎನ್. ವೆಂಕಟಾಚಲಯ್ಯ, ಮುಂದೆ ಮುಖ್ಯ ನ್ಯಾಯಮೂರ್ತಿಗಳಾದವರು. ರಾಜಿಯ ಮೊತ್ತ ಬದಲಾಗಲಿಲ್ಲ. ಆದರೆ ಆಗ ಯಾವ ರೋಗಲಕ್ಷಣವೂ ಇಲ್ಲದ, ಮುಂದೆ ಕಾಯಿಲೆ ಬೀಳಬಹುದಾದ ಸುಮಾರು ಒಂದು ಲಕ್ಷ ಜನಕ್ಕೆ ವೈದ್ಯಕೀಯ ವಿಮೆ ಮಾಡಿಸಬೇಕು, ಹಣ ಸಾಲದೆ ಬಂದರೆ ಭಾರತ ಸರ್ಕಾರ ತುಂಬಿಕೊಡಬೇಕು ಅಂತ ಬರೆದರು. ಕೊನೆಯ ಮಾತನ್ನು ಎ. ಎಂ. ಅಹ್ಮದಿಯವರು ಒಪ್ಪಲಿಲ್ಲ. ತಪ್ಪು ಕಂಪನಿಯದ್ದು, ತೆರಿಗೆದಾರ ಯಾಕೆ ಕೊಡಬೇಕು ಅನ್ನೋದು ನನಗೂ ನ್ಯಾಯವಾದ ಪ್ರಶ್ನೆಯೇ ಅನ್ಸುತ್ತೆ. 2023ರ ಮಾರ್ಚಿನಲ್ಲಿ ಹೆಚ್ಚಿನ ಪರಿಹಾರ ಕೇಳಿದ ಕೇಂದ್ರದ ಅರ್ಜಿಯನ್ನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆ ವಿಮೆಯನ್ನ ಸರ್ಕಾರ ಮಾಡಿಸಲೇ ಇಲ್ಲ ಅನ್ನೋದನ್ನೂ ಅದು ಎತ್ತಿ ತೋರಿಸಿತು.

ಪೈಪಿಗೆ ವಾಪಸ್ ಬರೋಣ. ಕಾಕ್ಸ್ ರಾಜಿಯಲ್ಲಿ ಪರಿಹಾರ ಕೇಳುವ ಅವಧಿ 2009ಕ್ಕೆ ಮುಗಿದುಹೋಯಿತು. ಪೈಪುಗಳು ಮಾತ್ರ ಎಷ್ಟೋ ಗೋಡೆಗಳಲ್ಲಿ ಹಾಗೇ ಇವೆ. ಇವತ್ತು ಸೋರಿದರೆ ಖರ್ಚೆಲ್ಲ ಮಾಲೀಕನದ್ದೇ. ಕೆಲವು ವಿಮಾ ಕಂಪನಿಗಳು ಅಂಥ ಮನೆ ಅಂದರೆ ಪಾಲಿಸಿ ಕೊಡೋಕೇ ಹಿಂದೆ ಮುಂದೆ ನೋಡ್ತವೆ. ಅಮೆರಿಕದಲ್ಲಿ ಹಳೇ ಮನೆ ಕೊಳ್ಳೋಕೆ ಓಡಾಡ್ತಿರೋ ಬ್ಲಾಗ್ ಗೆಳೆಯರು ಯಾರಾದರೂ ಇದ್ದರೆ, ವಾಟರ್ ಹೀಟರ್ ಪಕ್ಕ ಒಮ್ಮೆ ಬಗ್ಗಿ ನೋಡಿ. ಬೂದು ಪೈಪಿನ ಮೇಲೆ ಪಿಬಿ 2110 ಅಂತ ಅಚ್ಚಾಗಿದ್ದರೆ, ಬೆಲೆ ಮಾತಾಡುವ ಮುಂಚೆ ಪ್ಲಂಬರನ್ನ ಕರೆಸಿ.